ಕೂಡುಹುಬ್ಬಿನ ಚೆಲುವು

ಇರಾನನ್ನಾಳಿದ ಕಜಾರ್ ಅರಸರ ಕಾಲದ ಮೀನಾಕಾರಿ, ಅಂದರೆ ಲೋಹದ ಮೇಲೆ ಗಾಜುಬಣ್ಣ ಸುಟ್ಟು ಮೂಡಿಸಿದ ಒಡವೆಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಕಲ್ಲಲ್ಲ, ಚಿನ್ನವಲ್ಲ. ಅವುಗಳ ಮೇಲೆ ಬರೆದ ಮುಖ. ಹತ್ತೊಂಬತ್ತನೇ ಶತಮಾನದ ಇರಾನಿನ ಕಸುಬುದಾರರು ಪದಕ, ಕನ್ನಡಿಯ ಬೆನ್ನು, ಹುಕ್ಕಾದ ಬಟ್ಟಲು ಎಲ್ಲದರ ಮೇಲೂ ಆ ಮುಖವನ್ನೇ ಮತ್ತೆ ಮತ್ತೆ ಬರೆದರು. ದುಂಡು ಕೆನ್ನೆ, ಬಾದಾಮಿ ಕಣ್ಣು, ಪುಟ್ಟ ಬಾಯಿ, ಮೂಗಿನ ಮೇಲೆ ಒಂದಾದ ಕಪ್ಪು ಹುಬ್ಬು.

ಉಗುರಗಲದ ಜಾಗದಲ್ಲಿ ಇದನ್ನು ಮೂಡಿಸುವುದು ಸುಲಭವಲ್ಲ. ಚಿನ್ನದ ಇಲ್ಲವೇ ತಾಮ್ರದ ತಗಡಿಗೆ ಮೊದಲು ಬಿಳಿ ಗಾಜಿನ ಲೇಪ ಕೊಟ್ಟು ಕುಲುಮೆಯಲ್ಲಿ ಸುಡಬೇಕು. ಅದರ ಮೇಲೆ ಲೋಹದ ಆಕ್ಸೈಡುಗಳ ಬಣ್ಣ: ನೀಲಿಗೆ ಕೋಬಾಲ್ಟ್, ಹಸಿರಿಗೆ ತಾಮ್ರ. ಬರೆಯುವುದು, ಸುಡುವುದು, ಮತ್ತೆ ಬರೆಯುವುದು. ಹೆಚ್ಚು ಕಾವು ತಡೆಯದ ಬಣ್ಣಗಳ ಸರದಿ ಕೊನೆಗೆ. ಕಾವು ತುಸು ಮೀರಿದರೂ ಕೆನ್ನೆಯ ನಸುಗೆಂಪು ಕೆಟ್ಟಂತೆಯೇ. ಇಷ್ಟೆಲ್ಲ ಪಾಡುಪಟ್ಟು ಎರಡು ಹುಬ್ಬುಗಳ ನಡುವಿನ ಕೂದಲೆಳೆಯನ್ನು ಉಳಿಸಿಕೊಂಡಿದ್ದಾರೆಂದರೆ, ಚೆಲುವು ಇರುವುದೇ ಅಲ್ಲಿ ಎಂದು ಆ ಕಾಲ ನಂಬಿತ್ತು.

ಹುಬ್ಬು ಕೂಡದ ಹೆಂಗಸರು ವಸ್ಮೆ ಎಲೆಯ ಬಣ್ಣದಿಂದ ಕೂಡಿಸಿಕೊಳ್ಳುತ್ತಿದ್ದರು. ಸಿಂಗಾರಕ್ಕೆ ಜರಕ್ ಎಂಬ ಹೊನ್ನಿನ ಪುಡಿಯೂ ಇತ್ತು. ತುಟಿಯ ಮೇಲಿನ ನವಿರು ಮೀಸೆ ಕೂಡ ಹೆಣ್ಣಿಗೆ ಒಪ್ಪುವಂಥದ್ದೇ. ಒಡವೆಯೂ ಬರೀ ಹೆಣ್ಣಿನ ಸೊತ್ತಾಗಿರಲಿಲ್ಲ. 1797ರಿಂದ 1834ರವರೆಗೆ ಆಳಿದ ಫತ್ ಅಲಿ ಷಾ, ಗೋಲ್ಕೊಂಡದ ದರಿಯಾ-ಇ-ನೂರ್ ವಜ್ರವನ್ನು ತೋಳಬಂದಿಯಲ್ಲಿ ಧರಿಸುತ್ತಿದ್ದ. ಅವನ ಹೆಸರು ಕೆತ್ತಿರುವ ಆ ತಿಳಿಗುಲಾಬಿ ವಜ್ರ ಈಗ ತೆಹರಾನಿನ ರಾಷ್ಟ್ರೀಯ ಆಭರಣ ಖಜಾನೆಯಲ್ಲಿದೆ.

ಆ ಶತಮಾನದ ಮೊದಲ ದಶಕಗಳ ಚಿತ್ರಗಳಲ್ಲಿ ಎಳೆಯ ಗಂಡಿನ ಮುಖಕ್ಕೂ ಹೆಣ್ಣಿನ ಮುಖಕ್ಕೂ ಎಷ್ಟೋ ಸಲ ವ್ಯತ್ಯಾಸವೇ ತಿಳಿಯದು. ಯುರೋಪಿಯನ್ನರ ನೋಟ ತಾಗಿದ ಮೇಲೆ ಈ ಅಭಿರುಚಿ ಹೇಗೆ ಬದಲಾಯಿತೆಂದು ಇತಿಹಾಸಕಾರ್ತಿ ಅಫ್ಸಾನೆ ನಜ್ಮಾಬಾದಿ 2005ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ವಿವರವಾಗಿ ತೋರಿಸಿದ್ದಾರೆ. ಇಂದು ಅದೇ ತೆಹರಾನ್ ಮೂಗು ತಿದ್ದುವ ಶಸ್ತ್ರಚಿಕಿತ್ಸೆಗೆ ಹೆಸರಾದ ನಗರ. ನಾಡೊಂದು ತನ್ನ ಮುಖವನ್ನು ಪರರ ಕನ್ನಡಿಯಲ್ಲಿ ನೋಡಿಕೊಳ್ಳತೊಡಗಿದ್ದು ನನ್ನ ಮಟ್ಟಿಗೆ ದೊಡ್ಡ ನಷ್ಟ.

ಮೀಸೆಯಿರುವ ಕಜಾರ್ ರಾಜಕುಮಾರಿಯ ಹಳೆಯ ಫೋಟೊ ಒಂದು ಕಟ್ಟುಕತೆಯ ಜೊತೆ ಮೊಬೈಲುಗಳಲ್ಲಿ ಸುತ್ತುತ್ತಿರುತ್ತದೆ, ಇವಳಿಗಾಗಿ ಗಂಡಸರು ಪ್ರಾಣ ಬಿಟ್ಟರಂತೆ ಎಂದು. ನಿಮಗೂ ಬಂದರೆ ದಯವಿಟ್ಟು ನಗೆಗೆಂದು ಮುಂದಕ್ಕೆ ಕಳಿಸಬೇಡಿ. ಕಜಾರ್ ಮೀನಾಕಾರಿಯ ಒಂದು ಪದಕವನ್ನು ಹುಡುಕಿ, ದೊಡ್ಡದು ಮಾಡಿ, ಆ ಹುಬ್ಬನ್ನೊಮ್ಮೆ ನೋಡಿ.