ಮುಡಿಯೂ ಮರ್ಯಾದೆಯೂ

ದೇಹಕ್ಕೆ ಸೇರಿದವುಗಳಲ್ಲಿ ಕೇಶವು ಅತ್ಯಲ್ಪವಾದುದು. ಅದನ್ನು ಕತ್ತರಿಸಿದರೆ ನೋವಿಲ್ಲ, ಉದುರಿದರೆ ರಕ್ತವಿಲ್ಲ. ಆದರೂ ಕಾವ್ಯಲೋಕದಲ್ಲಿ ಅದಕ್ಕೆ ಸಂದ ಗೌರವವು ಕಣ್ಣಿಗೆ ಸಂದುದಕ್ಕಿಂತ ಕಡಮೆಯಾದುದಲ್ಲ. ಭಟ್ಟನಾರಾಯಣನು ಭಾರತಯುದ್ಧವನ್ನು ನಾಟಕವಾಗಿ ರಚಿಸುವಾಗ ಅದಕ್ಕೆ ‘ವೇಣೀಸಂಹಾರ’ವೆಂದು, ಅರ್ಥಾತ್ ಬಿಚ್ಚಿದ ಜಡೆಯನ್ನು ಮರಳಿ ಕಟ್ಟುವುದೆಂದು ಹೆಸರಿಟ್ಟನು. ದ್ರೌಪದಿಯ ಮುಡಿಗೆ ಕೈಯಿಕ್ಕಿದುದು ಅವಳ ಮಾನಕ್ಕೆ ಕೈಯಿಕ್ಕಿದುದೇ ಎಂಬುದನ್ನು ಸಹೃದಯರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಕನ್ನಡನಾಡಿನ ಅನೇಕ ಮನೆಗಳಲ್ಲಿ ಬೋಳಾದ ಹೆಣ್ಣುತಲೆಗೆ ಬಹುಕಾಲ ಒಂದೇ ಅರ್ಥವಿದ್ದಿತು, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯ ಬಾಲವಿಧವೆಯನ್ನು ಬಲ್ಲ ವಾಚಕರು ಆ ಅರ್ಥವನ್ನು ಮರೆಯಲಾರರು. ಆದರೆ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರು ಅಂತಹುದೇ ತಲೆಯನ್ನು ಹೊತ್ತು ಸಂತೋಷದಿಂದ ಬೀದಿಯಲ್ಲಿ ನಡೆಯುವರು. ತಾನಾಗಿ ಕೊಟ್ಟುದು ಹರಕೆ. ಪರರು ಕಿತ್ತುಕೊಂಡುದು ಅವಮಾನ. ಭೇದವಿರುವುದು ತಲೆಯಲ್ಲಲ್ಲ, ನೋಡುವ ಕಣ್ಣಿನಲ್ಲಿ.

ಈ ಎರಡು ವರ್ಗಕ್ಕೂ ಸೇರದ ಮೂರನೆಯ ಬೋಳುತಲೆಯೊಂದು ಈಗ ಮನೆಮನೆಗೂ ಪರಿಚಿತವಾಗಿದೆ. ಅರ್ಬುದರೋಗಕ್ಕೆ, ಎಂದರೆ ಕ್ಯಾನ್ಸರಿಗೆ, ಕೊಡುವ ಕೀಮೋಥೆರಪಿಯ ಔಷಧಗಳಲ್ಲಿ ಅನೇಕವು ಶೀಘ್ರವಾಗಿ ವಿಭಜನೆಗೊಳ್ಳುವ ಜೀವಕೋಶಗಳ ಮೇಲೆ ಬೀಳತಕ್ಕವು. ರೋಗದ ಕೋಶಗಳಂತೆಯೇ ಕೂದಲಿನ ಬುಡದ ಕೋಶಗಳೂ ಶೀಘ್ರವಾಗಿ ವಿಭಜನೆಗೊಳ್ಳುವುವು, ಔಷಧಕ್ಕೆ ಶತ್ರುಮಿತ್ರವಿವೇಕವಿಲ್ಲ. ಆದುದರಿಂದ ಚಿಕಿತ್ಸೆ ಆರಂಭವಾದ ಎರಡು ಮೂರು ವಾರಗಳಲ್ಲಿ ಕೂದಲು ಬಾಚಣಿಗೆಗೂ ದಿಂಬಿಗೂ ಬರತೊಡಗುವುದು. ಚಿಕಿತ್ಸೆ ಮುಗಿದ ಕೆಲವು ತಿಂಗಳುಗಳಲ್ಲಿ ಸಾಮಾನ್ಯವಾಗಿ ಮರಳಿ ಬೆಳೆಯುವುದು. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಇದು ಅಲ್ಪಹಾನಿ. ಆದರೆ ರೋಗವು ಒಳಗಿನದು, ಬೋಳುತಲೆಯು ಹೊರಗಿನದು. ತನ್ನ ವ್ಯಾಧಿಯನ್ನು ಯಾರಿಗೆ ತಿಳಿಸಬೇಕು, ಯಾರಿಗೆ ತಿಳಿಸಬಾರದು ಎಂದು ರೋಗಿಯು ನಿಶ್ಚಯಿಸುವ ಮೊದಲೇ ತಲೆಯು ತಿಳಿಸಿಬಿಡುವುದು. ಮನೆಯಲ್ಲಿ ಹೇಗೋ ತಡೆದುಕೊಂಡವರೂ ಕಚೇರಿಯ ಬಾಗಿಲಿನಲ್ಲಿ ಅಳುಕುವುದು ಇದಕ್ಕಾಗಿಯೇ.

ಈ ಅಳುಕನ್ನು ಸಾಹಿತ್ಯವು ಹೇಗೆ ನಿರ್ವಹಿಸಿತು ಎಂದು ವಿಚಾರಿಸುವವರಿಗೆ ಅಮೆರಿಕೆಯ ಎರಡು ಗ್ರಂಥಗಳು ಉಪಯುಕ್ತವಾಗಿವೆ. ಮೊದಲನೆಯದು ಮಾರ್ಗರೆಟ್ ಎಡ್ಸನ್ ಎಂಬಾಕೆ ಬರೆದ ‘ವಿಟ್’ ಎಂಬ ನಾಟಕ. ಈಕೆ 1985ರಲ್ಲಿ ಆಸ್ಪತ್ರೆಯೊಂದರ ಕ್ಯಾನ್ಸರ್ ವಿಭಾಗದಲ್ಲಿ ಗುಮಾಸ್ತೆಯಾಗಿದ್ದು, ಅಲ್ಲಿ ಕಂಡುದನ್ನು 1991ರಲ್ಲಿ ನಾಟಕಕ್ಕೆ ತಂದರು. ಅದು 1995ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮೊದಲು ರಂಗವನ್ನೇರಿ, 1999ರಲ್ಲಿ ಪುಲಿಟ್ಜರ್ ಪಾರಿತೋಷಕವನ್ನು ಪಡೆಯಿತು. ಕೀರ್ತಿ ಬಂದ ಮೇಲೆಯೂ ಗ್ರಂಥಕರ್ತ್ರಿಯು ಅಟ್ಲಾಂಟಾ ನಗರದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವುದನ್ನು ಬಿಡಲಿಲ್ಲವೆಂಬುದು ಉಪಾಧ್ಯಾಯವರ್ಗಕ್ಕೆ ಸಂತೋಷದ ಸಂಗತಿ.

ನಾಯಿಕೆ ವಿವಿಯನ್ ಬೇರಿಂಗ್ ಐವತ್ತು ವಯಸ್ಸಿನ ಪ್ರಾಧ್ಯಾಪಕಿ. ಜಾನ್ ಡನ್ ಕವಿಯ ಭಕ್ತಿಸುನೀತಗಳಲ್ಲಿ ಪಾರಂಗತೆ. ಒಂದು ಸುನೀತದ ಕೊನೆಯ ಪಂಕ್ತಿಯಲ್ಲಿ ಅರ್ಧವಿರಾಮವಿರಬೇಕೋ ಅಲ್ಪವಿರಾಮವಿರಬೇಕೋ ಎಂಬುದರ ಮೇಲೆ ಜೀವಮರಣಗಳ ನಡುವಣ ಅಂತರವೇ ನಿಂತಿದೆಯೆಂದು ತನ್ನ ಗುರುವಿನಿಂದ ಕಲಿತವಳು. ಪದಚ್ಛೇದ ತಪ್ಪಿದರೆ ಅರ್ಥವೇ ಕೆಡುವುದೆಂದು ಬಲ್ಲ ನಮ್ಮ ಪಂಡಿತರಿಗೆ ಈಕೆ ಪರಕೀಯಳಲ್ಲ. ಇಂತಹವಳು ಅಂಡಾಶಯದ ಕ್ಯಾನ್ಸರಿನ ನಾಲ್ಕನೆಯ ಹಂತದಲ್ಲಿ, ಬೋಳುತಲೆಯ ಮೇಲೊಂದು ಆಟಗಾರರ ಟೋಪಿಯನ್ನಿಟ್ಟುಕೊಂಡು, ಆಸ್ಪತ್ರೆಯ ನಿಲುವಂಗಿಯಲ್ಲಿ, ಔಷಧದ ಕಂಬವನ್ನು ತಳ್ಳುತ್ತ ರಂಗಕ್ಕೆ ಬರುವಳು. ಬಂದವಳೇ ಪ್ರೇಕ್ಷಕರೊಡನೆ ಪರಿಹಾಸವಾಡುವಳು. ಕೂದಲು ಉದುರುವಾಗಿನ ಕಣ್ಣೀರನ್ನು ನಾಟಕವು ತೋರಿಸುವುದಿಲ್ಲ. ಉದುರಿ ಮುಗಿದ ಮೇಲಿನ ತಲೆಯಿಂದಲೇ ಆರಂಭಿಸುತ್ತದೆ. ಕ್ಷೇಮೇಂದ್ರನು ಪ್ರತಿಪಾದಿಸಿದ ಔಚಿತ್ಯಕ್ಕೆ ಇದು ಒಳ್ಳೆಯ ನಿದರ್ಶನ. ಅಳುವ ರೋಗಿಯನ್ನು ಕಂಡು ಪ್ರೇಕ್ಷಕನು ತಾನೂ ಅತ್ತು ಹಗುರಾಗಿ ಮನೆಗೆ ಹೋಗಬಹುದು. ನಗುವ ರೋಗಿಯು ಅವನಿಗೆ ಆ ಸೌಲಭ್ಯವನ್ನು ಕೊಡುವುದಿಲ್ಲ.

ನಾಟಕದ ಹೃದಯವಿರುವುದು ವೈದ್ಯರು ಶಿಷ್ಯರೊಡನೆ ರೋಗಿಗಳನ್ನು ನೋಡಿಕೊಂಡು ಬರುವ ದೃಶ್ಯದಲ್ಲಿ. ವಿವಿಯನ್ನಳನ್ನು ಮಂಚದ ಮೇಲೆ ಮಲಗಿಸಿ, ಸುತ್ತಲೂ ನಿಂತು, ಔಷಧದಿಂದ ಯಾವ ಯಾವ ಉಪದ್ರವಗಳಾಗುವುವೆಂದು ಹಿರಿಯ ವೈದ್ಯನು ಕೇಳುವನು. ಶಿಷ್ಯರು ಒಳಗಿನ ಅವಯವಗಳ ಒಂದೊಂದು ವಿಕಾರವನ್ನೂ ಒಪ್ಪಿಸುವರು. ಇನ್ನೂ ಒಂದಿದೆ, ನೋಡಿ ಹೇಳಿರೆಂದರೆ ಯಾರಿಗೂ ತೋರದು. ಕೊನೆಗೆ ಜೇಸನ್ ಎಂಬ ತರುಣನು ಕೂದಲು ಉದುರುವುದೆಂದು ಹೇಳುವನು. ಕಣ್ಣಿಗೆ ಕಾಣುವುದು ಲೆಕ್ಕಕ್ಕಿಲ್ಲವೆಂದು ಉಳಿದವರು ಗೊಣಗುವರು. ಕಣ್ಣೆದುರಿನ ತಲೆಯನ್ನು ಕಾಣದ ಆ ವಿದ್ಯೆಯ ಮೇಲೆ ಇದಕ್ಕಿಂತ ತೀಕ್ಷ್ಣವಾದ ಖಂಡನೆಯನ್ನು ಯಾವ ಉಪನ್ಯಾಸವೂ ಮಾಡಲಾರದು.

ಆದರೆ ಕರ್ತ್ರಿಯು ವೈದ್ಯರನ್ನು ಮಾತ್ರ ದೂರಿ ಸುಮ್ಮನಾಗುವುದಿಲ್ಲ. ಆ ಜೇಸನ್ ಒಂದು ಕಾಲದಲ್ಲಿ ವಿವಿಯನ್ನಳ ಶಿಷ್ಯನೇ ಆಗಿದ್ದವನು. ಆಕೆ ತನ್ನ ತರಗತಿಯನ್ನು ನೆನೆಯುವ ಪ್ರಸಂಗವೊಂದುಂಟು. ಅಜ್ಜಿ ತೀರಿಕೊಂಡಳೆಂದು ಒಬ್ಬ ವಿದ್ಯಾರ್ಥಿನಿಯು ಪ್ರಬಂಧವನ್ನೊಪ್ಪಿಸಲು ಅವಧಿ ಬೇಡುವಳು. ಕೊಟ್ಟ ದಿನಕ್ಕೆ ಪ್ರಬಂಧ ಬರತಕ್ಕದ್ದೆಂದು ಗುರುವು ಕಡ್ಡಿ ಮುರಿದಂತೆ ಹೇಳುವಳು. ಅಂದು ರಜೆ ಕೊಡದ ಕೈಗೆ ಇಂದು ಸೂಜಿ ಚುಚ್ಚಿದೆ. ಕೆಲಸದ ಶಿಸ್ತಿನ ಹೆಸರಿನಲ್ಲಿ ಮನುಷ್ಯನನ್ನು ಕಾಣದಿರುವ ಅಭ್ಯಾಸವು ಆಸ್ಪತ್ರೆಯಲ್ಲಿ ಹುಟ್ಟಿದುದಲ್ಲ, ಪಾಠಶಾಲೆಯಲ್ಲಿ ಕಲಿತುದು ಎಂಬ ಧ್ವನಿಯು ಇಲ್ಲಿ ಸ್ಪಷ್ಟವಾಗಿದೆ. ಕೋಲು ಹಿಡಿದ ಯಾವ ಉಪಾಧ್ಯಾಯನೂ ಈ ಪುಟವನ್ನು ನಿಶ್ಚಿಂತೆಯಿಂದ ದಾಟಲಾರನು.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳತಕ್ಕದ್ದು. ವಿವಿಯನ್ನಳಿಗೆ ಪತಿಯಿಲ್ಲ, ಮಕ್ಕಳಿಲ್ಲ, ತಂದೆತಾಯಿಗಳಿಲ್ಲ. ಆಕೆಯ ಹುದ್ದೆಯು ಭದ್ರವಾದುದು. ಆಸ್ಪತ್ರೆಯನ್ನು ಸೇರಿದವಳು ಮತ್ತೆ ಕೆಲಸಕ್ಕೆ ಮರಳುವುದೇ ಇಲ್ಲ. ನಾಟಕದ ಏಕಾಗ್ರತೆಗೆ ಇದು ಅನುಕೂಲ. ಆದರೆ ಬಹುಜನರ ಕಷ್ಟವು ಹೀಗಿರುವುದಿಲ್ಲ. ಸೋಮವಾರ ಔಷಧ ಹಾಕಿಸಿಕೊಂಡು ಗುರುವಾರ ಮೇಜಿನ ಮುಂದೆ ಕುಳಿತುಕೊಳ್ಳಬೇಕಾದವರು, ಮೇಲಧಿಕಾರಿಯ ಮುಖ ನೋಡಿ ರಜೆ ಬೇಡಬೇಕಾದವರು, ಸಹೋದ್ಯೋಗಿಗಳ ಪಿಸುಮಾತನ್ನು ಕೇಳಿಯೂ ಕೇಳದಂತಿರಬೇಕಾದವರು ಇಲ್ಲಿಲ್ಲ. ಅಮೆರಿಕೆಯ 1993ರ ಶಾಸನವು ಅರ್ಹರಾದ ನೌಕರರಿಗೆ ಕಠಿನರೋಗದ ನಿಮಿತ್ತ ವರ್ಷಕ್ಕೆ 12 ವಾರಗಳ ರಜೆಯನ್ನು ಕೊಟ್ಟಿತು. ಆದರೆ ಆ ರಜೆಗೆ ಸಂಬಳವನ್ನು ವಿಧಿಸಲಿಲ್ಲ. ಶಾಸನವು ಹುದ್ದೆಯನ್ನು ಕಾಯಬಹುದು. ಒಲೆಯನ್ನೂ ಮುಖವನ್ನೂ ಕಾಯಲಾರದು.

ಈ ಕೊರತೆಯನ್ನು ಒಂದು ಮಟ್ಟಿಗೆ ತುಂಬುವ ಗ್ರಂಥವು ಕವಯಿತ್ರಿ ಆಡ್ರಿ ಲಾರ್ಡ್ ಬರೆದ ‘ದಿ ಕ್ಯಾನ್ಸರ್ ಜರ್ನಲ್ಸ್’ (1980). ಇದರ ವಸ್ತುವು ಕೇಶವಲ್ಲ, ಸ್ತನ. 1978ರಲ್ಲಿ ಶಸ್ತ್ರಚಿಕಿತ್ಸೆಯಿಂದ ಒಂದು ಸ್ತನವನ್ನು ಕಳೆದುಕೊಂಡ ಲಾರ್ಡ್, ಕೆಲವೇ ದಿನಗಳ ಮೇಲೆ ಒಳ್ಳೆಯ ಉಡುಪನ್ನುಟ್ಟು ವೈದ್ಯನ ಕಚೇರಿಗೆ ಹೋದರು. ಕೃತಕಸ್ತನವನ್ನು ಧರಿಸದೆ ಬಂದುದನ್ನು ಕಂಡು ದಾದಿಯು, ಹೀಗೆ ಬಂದರೆ ಇಲ್ಲಿಯವರ ಧೈರ್ಯ ಕುಗ್ಗುವುದೆಂಬರ್ಥದ ಮಾತನ್ನಾಡಿದಳು. ಇಸ್ರೇಲಿನ ಮೋಶೆ ದಯಾನ್ ಒಂದು ಕಣ್ಣಿಗೆ ಕರಿಯ ಪಟ್ಟಿ ಕಟ್ಟಿಕೊಂಡು ಓಡಾಡಿದಾಗ ಗಾಜಿನ ಕಣ್ಣನ್ನಿಟ್ಟುಕೊಂಡು ಬಾರೆಂದು ಅವನಿಗೆ ಹೇಳಿದವರುಂಟೆ ಎಂದು ಲಾರ್ಡ್ ಪ್ರಶ್ನಿಸುತ್ತಾರೆ. ಯೋಧನ ಗಾಯವು ಭೂಷಣ, ಹೆಂಗಸಿನ ಗಾಯವು ಮುಚ್ಚತಕ್ಕದ್ದು: ಈ ಅನ್ಯಾಯವನ್ನು ಇಷ್ಟು ಸ್ವಲ್ಪ ಮಾತುಗಳಲ್ಲಿ ಹಿಡಿದುದು ಗ್ರಂಥದ ಹಿರಿಮೆ. ಮುಚ್ಚಿಕೊಳ್ಳಬೇಕೆಂಬ ವಿಧಿಯು ರೋಗಿಯ ಸುಖಕ್ಕಾಗಿಯಲ್ಲ, ನೋಡುವವರ ಸುಖಕ್ಕಾಗಿ ಹುಟ್ಟಿದುದು ಎಂಬ ಅವರ ಸಿದ್ಧಾಂತವು ಬೋಳುತಲೆಗೂ ಅಕ್ಷರಶಃ ಅನ್ವಯಿಸತಕ್ಕುದು.

ಆದರೂ ಈ ಸಿದ್ಧಾಂತವನ್ನು ಕೊನೆಯವರೆಗೆ ಎಳೆಯಕೂಡದು. ಮರೆಮಾಚುವಿಕೆಯೆಲ್ಲ ಸೋಲೆಂಬ ಭಾವನೆ ಲಾರ್ಡ್ ಅವರ ಕೆಲವು ಪುಟಗಳಲ್ಲಿ ಬಲವಾಗಿದೆ. ಹೆಸರಾದ ಕವಯಿತ್ರಿಗೆ ಒಪ್ಪುವ ಧೈರ್ಯವನ್ನು ದಿನಗೂಲಿಯ ಹೆಂಗಸಿಗೆ ಕರ್ತವ್ಯವಾಗಿ ವಿಧಿಸಿದರೆ ಅದೂ ಇನ್ನೊಂದು ಬಲಾತ್ಕಾರವೇ ಆಗುವುದು. ಚವರಿ ಸೇರಿಸಿ ಜಡೆ ಹೆಣೆದುಕೊಳ್ಳುವುದನ್ನು ನಮ್ಮ ಮನೆಗಳಲ್ಲಿ ಯಾರೂ ವಂಚನೆಯೆಂದವರಲ್ಲ. ನಾಟಕದವರು ಟೋಪನ್ ಎನ್ನುವ ಕೃತಕಕೇಶವನ್ನೋ, ಸೆರಗನ್ನೋ, ಬಟ್ಟೆಯನ್ನೋ ತಲೆಗೆ ಹೊದೆದು, ಯಾರ ಪ್ರಶ್ನೆಗೂ ಗುರಿಯಾಗದೆ ದಿನದ ಕೆಲಸ ಮಾಡಿಕೊಂಡು ಬರುವುದು ಕೆಲವರಿಗೆ ಕವಚ. ಬಯಲುತಲೆಯಲ್ಲಿ ನಡೆಯುವುದು ಇನ್ನು ಕೆಲವರಿಗೆ ಕವಚ. ‘ಫಣಿಯಮ್ಮ’ದಲ್ಲಿ ತನ್ನ ತಲೆ ಬೋಳಾಗಿದ್ದರೂ ಆ ವೃದ್ಧೆಯು, ಕೂದಲು ತೆಗೆಯಿಸಲೊಲ್ಲೆನೆಂದ ತರುಣಿಯ ಪಕ್ಷವನ್ನು ವಹಿಸಿದಳಷ್ಟೆ. ತಾನು ಪಟ್ಟ ಪಾಡನ್ನು ಇನ್ನೊಬ್ಬರಿಗೆ ವಿಧಿಯಾಗಿಸದಿರುವುದೇ ಅವಳ ದೊಡ್ಡತನ. ಆ ವಿವೇಕವು ಈ ವಿಷಯದಲ್ಲಿಯೂ ಪ್ರಮಾಣ.

‘ವಿಟ್’ ನಾಟಕದ ಕೊನೆಯ ಭಾಗದಲ್ಲಿ ಒಂದು ರಾತ್ರಿ ಸೂಸಿ ಎಂಬ ದಾದಿಯು ನಿದ್ರೆ ಬಾರದ ವಿವಿಯನ್ನಳಿಗೆ ಐಸ್‌ಕ್ಯಾಂಡಿ ತಂದುಕೊಟ್ಟು, ಇಬ್ಬರೂ ಅದನ್ನು ಹಂಚಿಕೊಂಡು ತಿನ್ನುವರು. ಸೂಸಿಗೆ ಡನ್ ಕವಿಯ ಗಂಧವಿಲ್ಲ. ಅವಳು ಬೋಳುತಲೆಯನ್ನು ಕಾಣದವಳಂತೆ ನಟಿಸುವುದಿಲ್ಲ, ಅದನ್ನೇ ದಿಟ್ಟಿಸುವುದೂ ಇಲ್ಲ. ರೋಗಿಯೊಡನೆ ಮನುಷ್ಯರೊಡನೆ ಮಾತನಾಡುವಂತೆ ಮಾತನಾಡುವಳು. ಕಚೇರಿಯಲ್ಲಿ ಇಂತಹ ಒಬ್ಬ ಸಹೋದ್ಯೋಗಿಯಿದ್ದರೆ ಎಷ್ಟೋ ರೋಗಿಗಳಿಗೆ ಅರ್ಧ ಔಷಧ ದೊರೆತಂತಾಗುವುದು. ಪಾಂಡಿತ್ಯವು ಎಂಟು ಆವರ್ತಗಳ ಔಷಧವನ್ನು ನುಂಗಿ ಕಲಿತ ಪಾಠವನ್ನು ಈ ದಾದಿಯು ಮೊದಲೇ ಬಲ್ಲಳು. ಉದುರಿದ ಕೂದಲನ್ನು ಕಾವ್ಯವು ಮರಳಿ ಬೆಳೆಯಿಸಲಾರದು. ನೋಡುವ ಕಣ್ಣನ್ನು ತಿದ್ದಬಲ್ಲುದು. ಈ ಎರಡು ಗ್ರಂಥಗಳೂ ಆ ಕೆಲಸವನ್ನು ಮಾಡುತ್ತವೆ; ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಎರಡನ್ನೂ ಜೊತೆಯಾಗಿ ಓದುವುದು ಲೇಸು.