ಕರ್ತೃಪದ ಕಾಣೆಯಾಗಿದೆ

ಪತ್ರಿಕೆ ಓದುವುದಕ್ಕೆ ವ್ಯಾಕರಣ ಬೇಕು ಎಂದರೆ ನಗುವವರೇ ಹೆಚ್ಚು. ಬರೆಯುವವರಿಗೇ ಬೇಡವಾದದ್ದು ಓದುವವರಿಗೇಕೆ ಎಂದು ಕೇಳಿದರೂ ಕೇಳಿದರೇ. ಆದರೆ ಹೈಸ್ಕೂಲು ಮಕ್ಕಳಿಗೆ ವರ್ಷಗಟ್ಟಲೆ ಕನ್ನಡ ಪಾಠ ಹೇಳಿದವಳಿಗೆ ಒಂದು ಚಟ ಅಂಟಿಕೊಂಡುಬಿಡುತ್ತದೆ. ವಾಕ್ಯ ಕಣ್ಣಿಗೆ ಬಿದ್ದ ಕೂಡಲೇ ಕರ್ತೃಪದ ಯಾವುದು, ಕರ್ಮಪದ ಯಾವುದು, ಕ್ರಿಯಾಪದ ಯಾವುದು ಎಂದು ಹುಡುಕುವುದು. ಮದುವೆ ಕಾಗದವಾದರೂ ಸರಿ, ಪಕೋಡ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ತುಂಡಾದರೂ ಸರಿ.

ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ನಾವೆಲ್ಲ ಶಾಲೆಯಲ್ಲಿ ಉರು ಹೊಡೆದಿದ್ದೇವೆ. ‘ಹುಡುಗಿಯು ಕಾಗದವನ್ನು ಹರಿದಳು’ ಎಂಬುದು ಕರ್ತರಿ. ‘ಹುಡುಗಿಯಿಂದ ಕಾಗದವು ಹರಿಯಲ್ಪಟ್ಟಿತು’ ಎಂಬುದು ಕರ್ಮಣಿ. ಈ ಎರಡನೆಯದನ್ನು ಯಾವ ಮನೆಯಲ್ಲಿಯೂ ಯಾರೂ ಆಡುವುದಿಲ್ಲ. ಆದರೆ ಅದಕ್ಕೊಂದು ದೊಡ್ಡ ಉಪಯೋಗವಿದೆ. ‘ಹುಡುಗಿಯಿಂದ’ ಎಂಬ ಪದವನ್ನು ಮೆಲ್ಲನೆ ಎತ್ತಿಟ್ಟರೂ ವಾಕ್ಯ ಬೀಳುವುದಿಲ್ಲ. ಕಾಗದವು ಹರಿಯಲ್ಪಟ್ಟಿತು. ಯಾರು ಹರಿದರು ಎಂದು ಕೇಳುವಂತಿಲ್ಲ. ಮಕ್ಕಳಿಗೆ ಈ ಉಪಾಯವನ್ನು ಯಾರೂ ಕಲಿಸಬೇಕಾಗಿಲ್ಲ. ಲೋಟ ಒಡೆದ ಮಗು ‘ನಾನು ಒಡೆದೆ’ ಎನ್ನುವುದಿಲ್ಲ, ‘ಒಡೆದುಹೋಯ್ತು’ ಎನ್ನುತ್ತದೆ. ಲೋಟ ತಾನಾಗಿಯೇ ಮೇಜಿನ ಅಂಚಿಗೆ ನಡೆದು ಬಂದು ಹಾರಿಕೊಂಡ ಹಾಗೆ.

ನಮ್ಮ ಹಾಸನ ಜಿಲ್ಲೆ ದೇಶದ ಸುದ್ದಿಯಾದಾಗಲೆಲ್ಲ ನನಗೆ ಈ ಒಡೆದ ಲೋಟದ ನೆನಪಾಗುತ್ತದೆ.

ಯಾವಾಗಲೂ ಹೀಗೆ ಎಂದಲ್ಲ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ನೋಡಿ, ಆ ವಾಕ್ಯದಲ್ಲಿ ಎಲ್ಲವೂ ಇದೆ. ಕರ್ತೃ ಇದ್ದಾರೆ, ಅವರ ಊರಿದೆ, ತಾಲ್ಲೂಕಿದೆ, ತಾರೀಖಿದೆ. ಬೇಲೂರು ಹಳೇಬೀಡಿನ ಕಲ್ಲಿನಿಂದಲೂ ಆಲೂಗಡ್ಡೆಯಿಂದಲೂ ಮಾತ್ರ ಹೊರಗಿನವರಿಗೆ ಗೊತ್ತಿದ್ದ ಜಿಲ್ಲೆಗೆ ಅಂದು ಹಿಗ್ಗೋ ಹಿಗ್ಗು. ಹೊಗಳುವ ಸುದ್ದಿಯಲ್ಲಿ ಕರ್ತೃಪದ ಎಂದೂ ಕಳೆದುಹೋಗುವುದಿಲ್ಲ.

28 ವರ್ಷಗಳ ನಂತರ, 2024ರ ಏಪ್ರಿಲ್‌ನಲ್ಲಿ, ಅದೇ ಮನೆಯ ಮೊಮ್ಮಗನ ಸುದ್ದಿ ಬಂತು. ಲೋಕಸಭಾ ಚುನಾವಣೆಯ ಹೊತ್ತು. 26ರಂದು ಹಾಸನದಲ್ಲಿ ಮತದಾನ. ಅದಕ್ಕೆ ಕೆಲವೇ ದಿನ ಮುಂಚೆ ಪೆನ್‌ಡ್ರೈವ್‌ಗಳು ‘ಹಂಚಲ್ಪಟ್ಟವು’. ಬಸ್ ನಿಲ್ದಾಣದಲ್ಲಿ ‘ಸಿಕ್ಕವು’, ಮೊಬೈಲುಗಳಲ್ಲಿ ‘ಹರಿದಾಡಿದವು’. ಪೆನ್‌ಡ್ರೈವ್‌ಗೆ ಕಾಲಿತ್ತೇ? ಹೆಂಗಸರ ಮುಖವನ್ನು ಮರೆಮಾಡದೆ, ಅವರ ಗಂಡಂದಿರೂ ಮಕ್ಕಳೂ ನೆರೆಹೊರೆಯವರೂ ಗುರುತಿಸಬಹುದಾದ ಹಾಗೆ, ಅವನ್ನು ಕಟ್ಟಿ ಊರೂರಿಗೆ ಎಸೆದ ಕೈಗಳು ಯಾವುವು? ಒಂದು ತಪ್ಪನ್ನು ಬಯಲಿಗೆಳೆಯುವ ನೆಪದಲ್ಲಿ ಇನ್ನೊಂದು ತಪ್ಪು ಮಾಡಿದವರು ಅವರು. ವಾರಗಟ್ಟಲೆ ಪತ್ರಿಕೆ ಓದಿದೆ. ಆ ಕ್ರಿಯಾಪದಗಳಿಗೆಲ್ಲ ಕರ್ತೃಪದ ಪೆನ್‌ಡ್ರೈವ್ ಒಂದೇ.

ಆಮೇಲೆ ಪ್ರಕರಣಕ್ಕೆ ಹೆಸರಿಟ್ಟರು. ‘ಪೆನ್‌ಡ್ರೈವ್ ಪ್ರಕರಣ’. ಇನ್ನು ಕೆಲವರು ‘ಅಶ್ಲೀಲ ವಿಡಿಯೋ ಪ್ರಕರಣ’ ಎಂದರು. ಹೆಸರಿಡುವುದು ಸಣ್ಣ ವಿಷಯವಲ್ಲ ಎಂದು ಮಗುವಿಗೆ ಹೆಸರಿಟ್ಟ ನಮಗೆಲ್ಲ ಗೊತ್ತು. ದೂರಿನಲ್ಲಿ ಇದ್ದದ್ದು ಅತ್ಯಾಚಾರ ಮತ್ತು ಲೈಂಗಿಕ ದೌರ್ಜನ್ಯದ ಆರೋಪ. ಹೆಸರಿನಲ್ಲಿ ಉಳಿದದ್ದು ಅಂಗಡಿಯಲ್ಲಿ ನಾಲ್ಕುನೂರು ರೂಪಾಯಿಗೆ ಸಿಗುವ ಒಂದು ಸಾಮಾನು. ಮನೆಗೆ ನುಗ್ಗಿ ಕೊಂದವನ ಮೊಕದ್ದಮೆಯನ್ನು ‘ಕುಡುಗೋಲು ಪ್ರಕರಣ’ ಎಂದು ಕರೆದ ಹಾಗಾಯಿತು. ‘ಅಶ್ಲೀಲ’ ಎಂಬ ಮಾತಂತೂ ಇನ್ನೂ ಕೆಟ್ಟದ್ದು. ಆ ಪದ ಹೋಗಿ ಅಂಟಿಕೊಳ್ಳುವುದು ಯಾರಿಗೆ? ಕೈಮುಗಿದು ಬೇಡವೆಂದವಳಿಗೆ. ಮಾಡಿದವನ ಕೃತ್ಯಕ್ಕೆ ಕಾನೂನಿನಲ್ಲಿ ಬೇರೆ ಹೆಸರಿದೆ.

ಇದಕ್ಕೊಂದು ಸಮಾಧಾನ ಹೇಳುವವರಿದ್ದಾರೆ. ಶೀರ್ಷಿಕೆಗೆ ಜಾಗ ಕಡಿಮೆ, ನೊಂದ ಹೆಣ್ಣಿನ ಹೆಸರು ಬರೆಯಲು ಕಾನೂನು ಬಿಡುವುದಿಲ್ಲ, ಆರೋಪ ಸಾಬೀತಾಗುವ ಮುಂಚೆ ಆರೋಪಿಯನ್ನು ಅಪರಾಧಿ ಎನ್ನುವ ಹಾಗಿಲ್ಲ, ಆದ್ದರಿಂದ ವಸ್ತುವಿನ ಹೆಸರು ಹಾಕುತ್ತೇವೆ ಎಂದು. ಮೊದಲನೆಯದು ಬಿಡಿ. ಉಳಿದೆರಡೂ ನ್ಯಾಯವಾದ ಮಾತೇ. ಆದರೆ ‘ಸಂಸದನ ಮೇಲೆ ಅತ್ಯಾಚಾರದ ಆರೋಪ’ ಎಂದು ಬರೆದರೆ ಹೆಣ್ಣಿನ ಹೆಸರೂ ಬರುವುದಿಲ್ಲ, ಆರೋಪ ಎಂಬ ಮಾತೂ ಹೋಗುವುದಿಲ್ಲ. ಕಾನೂನು ಅಡ್ಡ ಬಂದದ್ದಲ್ಲ, ಅಭ್ಯಾಸ ಅಡ್ಡ ಬಂದದ್ದು.

ಕಾನೂನಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಹಳ ಜನ ಹೆಂಗಸರಿಗೆ ತಿಳಿಯದು. ಅತ್ಯಾಚಾರಕ್ಕೆ ಒಳಗಾದವಳ ಹೆಸರನ್ನಾಗಲಿ, ಅವಳ ಗುರುತು ಸಿಗುವಂಥ ವಿವರವನ್ನಾಗಲಿ ಪ್ರಕಟಿಸುವುದು ಭಾರತೀಯ ದಂಡಸಂಹಿತೆಯ 228ಎ ಕಲಮಿನ ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ ಅದೇ ಅಪರಾಧ 72ನೆಯ ಕಲಮು. ಅಂಥ ದೃಶ್ಯವನ್ನು ಮೊಬೈಲಿನಲ್ಲಿ ಇನ್ನೊಬ್ಬರಿಗೆ ಕಳಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮು ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು ಎನ್ನುತ್ತದೆ. ‘ನಾನು ಮಾಡಿದ್ದಲ್ಲ, ನನಗೆ ಬಂದದ್ದನ್ನು ಕಳಿಸಿದೆ ಅಷ್ಟೆ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಹಾಗಿದ್ದರೂ ಆ ವಾರಗಳಲ್ಲಿ ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಛತ್ರದ ಊಟದ ಪಂಕ್ತಿಯಲ್ಲಿ ಕೇಳಿಬಂದ ಪ್ರಶ್ನೆ ಒಂದೇ. ‘ಯಾರ್ಯಾರಂತೆ?’ ಗಂಡಸರು ಕೇಳಿದ್ದು ಆಶ್ಚರ್ಯವಲ್ಲ. ಹೆಂಗಸರೂ ಕೇಳಿದರು, ದನಿ ತಗ್ಗಿಸಿ ಕೇಳಿದರು. ಹೆದರಿ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟವರಿದ್ದಾರೆಂದು ವರದಿಯಾದದ್ದು ಅದೇ ದಿನಗಳಲ್ಲಿ. ಬಿಟ್ಟುಹೋಗಬೇಕಾದವರು ಅವರಾಗಿದ್ದರೇ?

ದೂರದರ್ಶನದ ಚರ್ಚೆಗಳಿಗೆ ಬೇರೆಯೇ ಚಿಂತೆ. ಇದರಿಂದ ಯಾವ ಪಕ್ಷಕ್ಕೆ ಏಟು, ಯಾವ ಮೈತ್ರಿಗೆ ಬಿರುಕು, ಯಾವ ಮನೆತನಕ್ಕೆ ಹಿನ್ನಡೆ. ಜೂನ್ 4ರಂದು ಕಾಂಗ್ರೆಸ್ಸಿನ ಶ್ರೇಯಸ್ ಪಟೇಲರು 42,649 ಮತಗಳಿಂದ ಗೆದ್ದಾಗ, 1999ರಲ್ಲಿ ಅವರ ತಾತ ಜಿ. ಪುಟ್ಟಸ್ವಾಮಿಗೌಡರು ದೇವೇಗೌಡರನ್ನು ಸೋಲಿಸಿದ್ದ ಕಥೆ ಹೊರಗೆ ಬಂತು. ತಾತ ತಾತನಿಗೆ, ಮೊಮ್ಮಗ ಮೊಮ್ಮಗನಿಗೆ. ಕೇಳಲು ಸೊಗಸಾದ ಕಥೆ. ಎರಡು ಮನೆತನಗಳ ಈ ಕಾಳಗದಲ್ಲಿ ಆ ಹೆಂಗಸರು ಇದ್ದದ್ದು ಎಲ್ಲಿ? ಕುರುಕ್ಷೇತ್ರದ ಧೂಳಿನ ಹಾಗೆ, ಕಾಲಡಿಯಲ್ಲಿ.

ಕರ್ತೃಪದ ಸರಿಯಾಗಿ ಕಂಡ ದಿನಗಳೂ ಇವೆ. ಮೇ 30ರಂದು ಹಾಸನದ ಬೀದಿಗಳಲ್ಲಿ ಹೆಂಗಸರು ಗಂಡಸರು ಸಾವಿರಗಟ್ಟಲೆ ನಡೆದರು. ‘ಹಾಸನ ಚಲೋ’ ಎಂದು ಅದಕ್ಕೆ ಹೆಸರು. ಆ ರಾತ್ರಿ ಕಳೆಯುವಷ್ಟರಲ್ಲಿ, 31ರ ಮುಂಜಾವಕ್ಕೆ ಮುಂಚೆಯೇ, ಜರ್ಮನಿಯಿಂದ ಬೆಂಗಳೂರಿಗೆ ಬಂದಿಳಿದ ಪ್ರಜ್ವಲ್ ರೇವಣ್ಣನನ್ನು ವಿಶೇಷ ತನಿಖಾ ತಂಡ ಬಂಧಿಸಿತು. ಕರೆದೊಯ್ದವರು ಮಹಿಳಾ ಪೊಲೀಸರು. ಮೊದಲ ಪ್ರಕರಣದ ತೀರ್ಪು ಬಂದದ್ದು 2025ರ ಆಗಸ್ಟ್ 1ರಂದು. ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಅತ್ಯಾಚಾರದ ಅಪರಾಧಿ ಎಂದಿತು, ಮರುದಿನ ಉಸಿರಿರುವವರೆಗೂ ಜೈಲು ಎಂದಿತು. ಅದರ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿಯೂ ಹೋಯಿತು. ಆ ಹಕ್ಕು ಯಾರಿಗಾದರೂ ಉಂಟು. ನಾನು ಗಮನಿಸಿದ್ದು ಬೇರೆ. ಸಾಕ್ಷಿ ಹೇಳಿದವಳು ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳು. ನ್ಯಾಯಾಲಯದ ಮುಂದೆ ಗಟ್ಟಿ ಪುರಾವೆಯಾದದ್ದು ಒಂದು ಸೀರೆ. ಪತ್ರಿಕೆಗಳ ಪೆನ್‌ಡ್ರೈವ್ ಅಲ್ಲ, ಅವಳ ಸೀರೆ. ವಕೀಲರ ಪಾಟೀಸವಾಲಿಗೆ ನಿಂತು, ಇವನು ನನಗೆ ಹೀಗೆ ಮಾಡಿದ ಎಂದು ಕರ್ತರಿ ಪ್ರಯೋಗದಲ್ಲಿ ಹೇಳಿದವಳು ಅವಳು. ಅವಳ ಊರನ್ನು ಬರೆದ ಪತ್ರಿಕೆಗಳಿವೆ. ನಾನು ಬರೆಯುವುದಿಲ್ಲ.

ದೊಡ್ಡ ಸುದ್ದಿಯ ಮಾತು ಹೀಗಾದರೆ ಜಿಲ್ಲಾ ಪುಟದ ಸಣ್ಣ ಸುದ್ದಿಗಳಲ್ಲಿ ಇದೇ ರೋಗ ತಣ್ಣಗೆ ಇರುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆಯಿದೆ. ಹರಾಜಿನ ಕಾಲ ಬಂದರೆ ಕೆ.ಜಿ.ಗೆ ಎಷ್ಟು, ಕಂಪನಿಯವರು ಎಷ್ಟು ಕೂಗಿದರು, ಬೆಳೆಗಾರರು ಯಾವಾಗ ರಸ್ತೆಗಿಳಿದರು ಎಂದು ಸುದ್ದಿಯೋ ಸುದ್ದಿ. ಬೆಳೆಗಾರ ಎಂದರೆ ಹೆಗಲ ಮೇಲೆ ಟವೆಲು ಹಾಕಿದ ಗಂಡಸು, ಚಿತ್ರದಲ್ಲಿಯೂ ಅವನೇ. ಬ್ಯಾರನ್ನಿನ ಮುಂದೆ ಹೊತ್ತು ಮುಳುಗುವವರೆಗೂ ಕುಳಿತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವವರು ಯಾರು? ಆ ಸೊಪ್ಪಿನ ಅಂಟು ಕೈಯಿಂದ ಮೂರು ದಿನ ಬಿಡುವುದಿಲ್ಲ. ಹಸಿ ತಂಬಾಕಿನ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿದು ತಲೆ ಸುತ್ತು, ವಾಂತಿ ತರುತ್ತದೆ ಎಂದು ವೈದ್ಯರು ಹೇಳುತ್ತಾರೆ. ಕಟ್ಟಿದ ಹೆಂಗಸು ‘ಯಾಕೋ ಪಿತ್ತ’ ಎಂದುಕೊಂಡು ಮಲಗುತ್ತಾಳೆ. ಮಾರನೆಯ ದಿನದ ಪತ್ರಿಕೆಯಲ್ಲಿ ‘ತಂಬಾಕು ಹದಗೊಳಿಸುವ ಕಾರ್ಯ ಭರದಿಂದ ಸಾಗಿದೆ’. ಅದೂ ತಾನಾಗಿಯೇ ಸಾಗುತ್ತದೆ. ಆಲೂಗಡ್ಡೆಗೆ ಅಂಗಮಾರಿ ಬಿದ್ದ ವರ್ಷ ಬೀಜ ನೆಟ್ಟವರ ಕೂಲಿ ಏನಾಯಿತು ಎಂದು ಚನ್ನರಾಯಪಟ್ಟಣದ ಕಡೆಯವರಾಗಲಿ ಹಾಸನದ ಕಡೆಯವರಾಗಲಿ ಬರೆದದ್ದನ್ನು ನಾನು ಕಂಡಿಲ್ಲ.

2025ರ ಮೇ-ಜೂನ್‌ನಲ್ಲಿ ಹಾಸನಕ್ಕೆ ಇನ್ನೊಂದು ಹೆಸರು ಬಂತು, ಹೃದಯಾಘಾತದ ಜಿಲ್ಲೆ ಎಂದು. ‘ಹಾಸನದಲ್ಲಿ ಮತ್ತೊಂದು ಬಲಿ’ ಎಂದು ದಿನಕ್ಕೊಂದು ಶೀರ್ಷಿಕೆ. ಜನ ಗಾಬರಿಬಿದ್ದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಮಾಡಿತು. 24 ಸಾವುಗಳನ್ನು ನೋಡಿದ ಸಮಿತಿ, ಅವುಗಳಲ್ಲಿ ಕೆಲವಕ್ಕೆ ಹೃದಯವೇ ಕಾರಣವಲ್ಲ, ಜಿಲ್ಲೆಯಲ್ಲಿ ಅಸಹಜವಾದ ಏರಿಕೆಯೂ ಇಲ್ಲ ಎಂದಿತು. ಶೀರ್ಷಿಕೆ ಬಂದಷ್ಟು ದೊಡ್ಡದಾಗಿ ಸಮಿತಿಯ ಮಾತು ಬರಲಿಲ್ಲ. ಇಲ್ಲಿ ಕರ್ತೃಪದ ಇತ್ತು, ಆದರೆ ತಪ್ಪು ಕರ್ತೃ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವು ಕೂರಬೇಕಾದ ಜಾಗದಲ್ಲಿ ಊರನ್ನೇ ಕೂರಿಸಿದ್ದರು.

ಇದೇ ಹಾಸನದ ಬಾನು ಮುಷ್ತಾಕ್ ಅವರಿಗೆ ಅದೇ ಮೇ ತಿಂಗಳ 20ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು. ಕನ್ನಡದ ಕಥೆಗಳಿಗೆ ಅದು ಬಂದದ್ದು ಅದೇ ಮೊದಲು. 12 ಕಥೆಗಳನ್ನು ಇಂಗ್ಲಿಷಿಗೆ ತಂದವರು ಕೊಡಗಿನ ದೀಪಾ ಭಾಸ್ತಿ. ಇಬ್ಬರು ಹೆಂಗಸರು, ಎರಡು ಪಕ್ಕದ ಜಿಲ್ಲೆಗಳು. ಮೂರು ದಿನ ಹೊಗಳಿಕೆಯಾಯಿತು. ಆಗಸ್ಟ್‌ನಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದದ್ದೇ ತಡ, ಮಾತೆಲ್ಲ ತಿರುಗಿತು. ಅವರು ಹೂವು ಹಾಕುತ್ತಾರೋ ಇಲ್ಲವೋ, ದೀಪ ಹಚ್ಚಬಹುದೋ ಬಾರದೋ. ಹೈಕೋರ್ಟು ಅರ್ಜಿಗಳನ್ನು ತಳ್ಳಿಹಾಕಿತು, ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟೂ ತಳ್ಳಿಹಾಕಿತು, 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಆ ಒಂದು ತಿಂಗಳು ಪರವಾಗಿ ಮಾತಾಡಿದವರಲ್ಲಾಗಲಿ ವಿರೋಧವಾಗಿ ಮಾತಾಡಿದವರಲ್ಲಾಗಲಿ ಕಥೆ ಓದಿದವರು ಎಷ್ಟು ಮಂದಿ ಎಂದು ನನಗೆ ಅನುಮಾನ.

ಓದಿದ್ದರೆ ‘ಕರಿ ನಾಗರಗಳು’ ಸಿಗುತ್ತಿತ್ತು. ಗಿರೀಶ್ ಕಾಸರವಳ್ಳಿಯವರು ‘ಹಸೀನಾ’ ಎಂದು ಚಿತ್ರ ಮಾಡಿದ್ದು ಇದೇ ಕಥೆಯನ್ನು. ಹೆಣ್ಣು ಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೊಡಿಸಿ ಎಂದು ಮಸೀದಿಯ ಮುಂದೆ ಕೂರುತ್ತಾಳೆ. ಮುತವಲ್ಲಿ ಕೊಡಿಸುವುದಿಲ್ಲ. ಆ ಮೇಲೆ ಅವನು ಬೀದಿಯಲ್ಲಿ ಹೋಗುವಾಗ ಬಾಗಿಲು ಬಾಗಿಲಲ್ಲಿ ನಿಂತ ಹೆಂಗಸರು ಶಾಪ ಹಾಕುತ್ತಾರೆ. ಆ ಬೀದಿಯಲ್ಲಿ ಏನೂ ‘ನಡೆದುಹೋಗುವುದಿಲ್ಲ’. ಬಿಟ್ಟವನು ಗಂಡ, ಕಣ್ಣು ಮುಚ್ಚಿಕೊಂಡವನು ಮುತವಲ್ಲಿ, ಬೈದವರು ನಾವು ನೀವು ದಿನಾ ಕಾಣುವಂಥ ಹೆಂಗಸರು. ಬಾನು ಅವರು ವಕೀಲೆ, ಒಂದು ಕಾಲಕ್ಕೆ ಲಂಕೇಶ್ ಪತ್ರಿಕೆಗೆ ವರದಿ ಬರೆದವರು. ವರದಿಯ ಭಾಷೆ ಎಲ್ಲಿ ಜಾರಿಕೊಳ್ಳುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರಬೇಕು ಎಂದು ನನ್ನ ಊಹೆ. ತಮ್ಮ ಸಮುದಾಯದ ದೊಡ್ಡವರನ್ನೇ ಹೀಗೆ ಹೆಸರು ಹಿಡಿದು ನಿಲ್ಲಿಸಿದವರನ್ನು ದಸರಾ ಹೊತ್ತಿನಲ್ಲಿ ಬರೀ ಒಂದು ಸಮುದಾಯದ ಹೆಸರಾಗಿ ಮಾಡಿದ್ದು ನನಗೆ ಇನ್ನೂ ನುಂಗಲಾಗಿಲ್ಲ.

ಪ್ರಶಸ್ತಿ ಬಂದ ಮೇಲೆ ಕೆಲವು ದಿನ ಅವರ ಪುಸ್ತಕ ನಮ್ಮ ಕಡೆ ಕೇಳಿದರೂ ಸಿಗಲಿಲ್ಲ. ಕೊನೆಗೆ ತರಿಸಿಕೊಂಡೆ. ಆ ಪ್ರತಿ ಅರಕಲಗೂಡಿನ ಗೆಳತಿಯ ಕೈಗೆ ಹೋಯಿತು. ಅವಳು ಹೊಳೆನರಸೀಪುರದ ತಂಗಿಗೆ ಕೊಟ್ಟಳಂತೆ, ತಂಗಿ ಚನ್ನರಾಯಪಟ್ಟಣದ ತನ್ನ ಓರಗಿತ್ತಿಗೆ. ಇನ್ನೂ ನನಗೆ ಹಿಂದಿರುಗಿಲ್ಲ.