ವಿರಳ ಉಪನಾಮದ ಮೂಲ ಮತ್ತು ಹರವು: ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಒಂದು ವಿಮರ್ಶೆ

ಸಾರಾಂಶ: ವಿರಳವಾದ ಉಪನಾಮವೊಂದು ಎಲ್ಲಿ ದಟ್ಟವಾಗಿ ಕಾಣುತ್ತದೆಯೋ ಅಲ್ಲಿಯೇ ಅದರ ಮೂಲವಿದೆ ಎಂಬ ಸೂತ್ರವು ಇಂಗ್ಲಿಷ್ ಉಪನಾಮಗಳ ಅಧ್ಯಯನದಲ್ಲಿ ರೂಢಿಯಾಗಿದೆ. ಈ ಸೂತ್ರವನ್ನು ಮಲೆನಾಡಿನ ಮೂರು ತಾಲ್ಲೂಕುಗಳ ಹೆಸರುಗಳಿಗೆ ಅನ್ವಯಿಸುವಾಗ ಆಗುವ ತಪ್ಪುಗಳನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ. ಹೆಸರಿನ ಕೊನೆಯಲ್ಲಿ ಬರುವ ಜೋಯಿಸ, ಹೆಗಡೆ, ಗೌಡ, ನಾಯಕ ಮೊದಲಾದವು ವೃತ್ತಿ ಅಥವಾ ಅಧಿಕಾರವನ್ನು ಸೂಚಿಸುತ್ತವೆ. ಇಂಗ್ಲಿಷಿನ ವಿರಳ ಉಪನಾಮಕ್ಕೆ ನಿಜವಾಗಿ ಸಮನಾದದ್ದು ಹೆಸರಿನ ಆರಂಭದಲ್ಲಿ ಒಂದೇ ಅಕ್ಷರವಾಗಿ ಕುಗ್ಗಿರುವ ಊರಿನ ಹೆಸರು ಎಂಬುದು ಇಲ್ಲಿಯ ವಾದ.

1. ಸದ್ದಿನ ಸಾಮ್ಯ

ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ನ್ಯಾಯಮೂರ್ತಿ ಎಂ. ರಾಮಾ ಜೋಯಿಸ್ ಅವರ ಹೆಸರನ್ನೂ ‘ಯುಲಿಸಿಸ್’ ಕಾದಂಬರಿಯ ಕರ್ತೃ ಜೇಮ್ಸ್ ಜಾಯ್ಸ್ ಅವರ ಹೆಸರನ್ನೂ ರೋಮನ್ ಲಿಪಿಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ ಬೇರಿನಿಂದ ಬಂದಂತೆ ಕಾಣುತ್ತವೆ. ಆದರೆ ಎರಡನೆಯದು ಬ್ರಿಟನಿಯ 7ನೆಯ ಶತಮಾನದ ಸಂತನೊಬ್ಬನ ಹೆಸರಿನಿಂದ ಹುಟ್ಟಿದ ವ್ಯಕ್ತಿನಾಮ. ನಾರ್ಮನ್ನರೊಡನೆ ಇಂಗ್ಲೆಂಡಿಗೂ ಮುಂದೆ ಐರ್ಲೆಂಡಿಗೂ ಹೋಗಿ ಅದು ಉಪನಾಮವಾಯಿತು. ಮೊದಲನೆಯದು ಸಂಸ್ಕೃತದ ‘ಜ್ಯೋತಿಷ’ಕ್ಕೆ ಸಂಬಂಧಿಸಿದ್ದು. ಇವೆರಡರ ನಡುವೆ ಇರುವುದು ಆಕಸ್ಮಿಕ ಧ್ವನಿಸಾಮ್ಯ ಮಾತ್ರ.

ಇಷ್ಟನ್ನು ಯಾವ ಭಾಷಾವಿಜ್ಞಾನಿಯೂ ಕೂಡಲೆ ಒಪ್ಪುತ್ತಾರೆ. ಆದರೆ ದೂರದ ಎರಡು ಹೆಸರುಗಳ ವಿಷಯದಲ್ಲಿ ತೋರುವ ಎಚ್ಚರವನ್ನು ಹತ್ತಿರದ ಹೆಸರುಗಳ ವಿಷಯದಲ್ಲಿ ನಾವು ತೋರುವುದಿಲ್ಲ. ಆರಗದ ಜೋಯಿಸರೂ ಹಾಸನದ ಕಡೆಯ ಜೋಯಿಸರೂ ಒಂದೇ ಮೂಲದವರು, ಸಾಗರದ ಹೆಗಡೆಯವರೂ ಕರಾವಳಿಯ ಹೆಗ್ಡೆಯವರೂ ಎಂದೋ ಬೇರೆಯಾದ ಒಂದೇ ಕುಲದವರು ಎಂಬಂಥ ಊಹೆಗಳು ಮನೆತನಗಳ ಚರಿತ್ರೆ ಹೇಳುವ ಬರಹಗಳಲ್ಲಿ ಸುಲಭವಾಗಿ ನುಸುಳುತ್ತವೆ. ‘ಒಂದೇ ಹೆಸರು, ಆದ್ದರಿಂದ ಒಂದೇ ಮೂಲ’ ಎಂಬ ತರ್ಕಕ್ಕೆ ಈಗ ಹರವಿನ ನಕ್ಷೆಯ ಬಲವೂ ಸೇರುತ್ತಿರುವುದರಿಂದ ಅದರ ತಳಹದಿಯನ್ನು ಪರೀಕ್ಷಿಸುವುದು ಅಗತ್ಯ.

2. ಇಂಗ್ಲಿಷ್ ವಿಧಾನ ಮತ್ತು ಅದರ ಪೂರ್ವಗ್ರಹಿಕೆಗಳು

ಎಚ್.ಬಿ. ಗಪ್ಪಿ ಅವರು 1890ರಲ್ಲಿ ಬ್ರಿಟನ್ನಿನ ಕುಟುಂಬನಾಮಗಳ ನೆಲೆಗಳನ್ನು ಕುರಿತು ಪ್ರಕಟಿಸಿದ ಗ್ರಂಥ ಈ ವಿಧಾನಕ್ಕೆ ಅಡಿಪಾಯ ಹಾಕಿತು. ಊರು ಬಿಟ್ಟು ಕದಲುವುದು ಕಡಿಮೆ ಎಂಬ ಕಾರಣಕ್ಕೆ ಅವರು ರೈತರ ಹೆಸರುಗಳನ್ನು ಆರಿಸಿಕೊಂಡು, ಒಂದೊಂದು ಕೌಂಟಿಯಲ್ಲಿ 10,000 ಜನರಿಗೆ ಎಷ್ಟರಂತೆ ಒಂದು ಹೆಸರು ಬರುತ್ತದೆ ಎಂದು ಲೆಕ್ಕ ಹಾಕಿದರು. ಮುಂದೆ 1881ರ ಜನಗಣತಿಯ ದಾಖಲೆಗಳು ದೊರೆತು ಇಂಥ ನಕ್ಷೆಗಳು ಇನ್ನಷ್ಟು ಸೂಕ್ಷ್ಮವಾದವು. ವಿರಳ ಹೆಸರುಗಳ ವಿಷಯದಲ್ಲಿ ಈ ವಿಧಾನಕ್ಕೆ ಹೆಚ್ಚು ಬೆಲೆ. ಸ್ಮಿತ್ ಎಂಬ ಹೆಸರು ಕಮ್ಮಾರನಿದ್ದ ಊರಲ್ಲೆಲ್ಲ ಹುಟ್ಟಬಲ್ಲದು. ಒಂದು ಸಣ್ಣ ಹಳ್ಳಿಯಿಂದ ಬಂದ ಹೆಸರಾದರೋ ಒಂದೆರಡು ಮನೆಗಳಿಂದ ಮಾತ್ರ ಹರಡಿರುತ್ತದೆ.

2000ನೆಯ ಇಸವಿಯಲ್ಲಿ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ ಅವರು ತಮ್ಮದೇ ಉಪನಾಮದ ಗಂಡಸರ ವೈ ವರ್ಣತಂತುವನ್ನು ಪರೀಕ್ಷಿಸಿದ ಅಧ್ಯಯನ ಇಲ್ಲಿ ಉಲ್ಲೇಖಾರ್ಹ. ‘ಸೈಕ್’ ಎಂದರೆ ಯಾರ್ಕ್‌ಶೈರಿನ ಕಡೆ ಸಣ್ಣ ಹಳ್ಳ. ಹಳ್ಳಗಳು ಎಲ್ಲೆಡೆಯೂ ಇರುವುದರಿಂದ ಈ ಹೆಸರಿಗೆ ಹಲವು ಮೂಲಗಳಿರಬೇಕೆಂದು ಪದಾರ್ಥ ಸೂಚಿಸುತ್ತದೆ. ಆದರೆ ಪರೀಕ್ಷೆಗೆ ಒಳಗಾದವರಲ್ಲಿ ಅರ್ಧಕ್ಕೆ ಸಮೀಪದಷ್ಟು ಜನ ಒಂದೇ ವರ್ಣತಂತು ಮಾದರಿಯನ್ನು ಹಂಚಿಕೊಂಡಿದ್ದರು. ಅದರಿಂದ ಅವರು ಒಬ್ಬನೇ ಮೂಲಪುರುಷನನ್ನು ಊಹಿಸಿದರು. ಹೆಸರಿನ ಅರ್ಥವನ್ನು ವ್ಯುತ್ಪತ್ತಿ ಹೇಳಬಲ್ಲದು, ಆ ಹೆಸರು ಎಷ್ಟು ಸಲ ಹುಟ್ಟಿತು ಎಂಬುದನ್ನು ಹೇಳಲಾರದು ಎಂಬುದು ಇದರಿಂದ ನಾವು ಕಲಿಯಬೇಕಾದ ಪಾಠ.

ಈ ವಿಧಾನದ ಹಿಂದೆ ಮೂರು ಗ್ರಹಿಕೆಗಳಿವೆ. ಉಪನಾಮವು ತಲೆಮಾರಿನಿಂದ ತಲೆಮಾರಿಗೆ ಬದಲಾಗದೆ ಸಾಗುತ್ತದೆ. ದಾಖಲೆಯಲ್ಲಿ ಅದು ನಿಶ್ಚಿತ ಸ್ಥಾನದಲ್ಲಿ, ಅಂದರೆ ಹೆಸರಿನ ಕೊನೆಯಲ್ಲಿ, ಪೂರ್ಣವಾಗಿ ಬರೆಯಲ್ಪಟ್ಟಿರುತ್ತದೆ. ಜನರ ಚಲನೆಯೇ ಹೆಸರಿನ ಹರವಿಗೆ ಕಾರಣ. ಮಲೆನಾಡಿನಲ್ಲಿ ಈ ಮೂರೂ ಸಡಿಲವಾಗುತ್ತವೆ.

3. ಜೋಯಿಸ: ಪದದ ಮೂಲ ಬೇರೆ, ಹೆಸರಿನ ಮೂಲ ಬೇರೆ

‘ಜೋಯಿಸ’ವನ್ನು ನಮ್ಮ ವ್ಯಾಕರಣ ಪರಂಪರೆ ತದ್ಭವವೆಂದು ಕರೆಯುತ್ತದೆ. ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಆದರೆ ತದ್ಭವ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ದಾರಿಗಳು ಅಡಗಿವೆ. ಕನ್ನಡವು ಸಂಸ್ಕೃತ ಪದವನ್ನು ತಾನೇ ಪಳಗಿಸಿಕೊಂಡಾಗ ಸ್ವರಗಳ ನಡುವಿನ ತಕಾರ ಸಾಮಾನ್ಯವಾಗಿ ಉಳಿಯುತ್ತದೆ. ‘ಯತಿ’ಯಿಂದ ಬಂದ ‘ಜತಿ’ಯಲ್ಲಿ ತಕಾರ ಹಾಗೆಯೇ ಇದೆ. ‘ಜೋಯಿಸ’ದಲ್ಲಿ ತಕಾರ ಲೋಪವಾಗಿ ಯಶ್ರುತಿ ಬಂದಿದೆ. ಇದು ಪ್ರಾಕೃತದ ನಡೆ. ಪ್ರಾಕೃತದಲ್ಲಿ ‘ಜೋಇಸ’ ಎಂಬ ರೂಪವೇ ಇದೆ. ರಾಜಪುತ್ರನಿಂದ ರಾವುತ, ಚತುರ್ಥಿಯಿಂದ ಚೌತಿ ಬಂದಿರುವುದೂ ಇದೇ ದಾರಿಯಲ್ಲಿ. ಆದ್ದರಿಂದ ‘ಜೋಯಿಸ’ ಕನ್ನಡದೊಳಗೆ ಸವೆದ ಪದವಲ್ಲ, ಸವೆದ ಮೇಲೆ ಕನ್ನಡಕ್ಕೆ ಬಂದ ಪದ.

ಉತ್ತರ ಕರ್ನಾಟಕದಲ್ಲಿ ಇದೇ ಸ್ಥಾನದಲ್ಲಿ ನಿಲ್ಲುವ ಹೆಸರು ‘ಜೋಶಿ’. ಇಕಾರದ ಮುಂದೆ ಸಕಾರವು ಶಕಾರವಾಗುವುದು ಮರಾಠಿಯ ನಿಯಮಬದ್ಧ ಧ್ವನಿವ್ಯತ್ಯಾಸ. ಹೀಗಾಗಿ ಧಾರವಾಡ, ಗದಗಗಳ ಕಡೆಯ ‘ಜೋಶಿ’ಗೂ ಮಲೆನಾಡು ಮತ್ತು ಹಳೆಯ ಮೈಸೂರಿನ ‘ಜೋಯಿಸ’ಕ್ಕೂ ನಡುವೆ ಎಳೆಯಬಹುದಾದ ಗೆರೆ ಭಾಷಾಸಂಪರ್ಕದ ಗೆರೆ. ಅದನ್ನು ಎರಡು ವಂಶಗಳ ನಡುವಿನ ಗೆರೆಯೆಂದು ಓದುವುದು ತಪ್ಪು.

ಇದಕ್ಕಿಂತ ಮುಖ್ಯವಾದ ಅಂಶ ‘ಜೋಯಿಸ’ ಎಂಬುದು ಒಂದು ಕೆಲಸದ ಹೆಸರು ಎಂಬುದು. ಪಂಚಾಂಗ ನೋಡಿ ಮುಹೂರ್ತ ಹೇಳುವವರು ಯಾವ ಊರಿನಲ್ಲಿದ್ದರೂ ಜೋಯಿಸರೇ. ಆ ಕೆಲಸ ಒಂದು ಮನೆಯಲ್ಲಿ ನಿಂತು ಇನ್ನೊಂದು ಮನೆಗೆ ಹೋದರೆ ಹೆಸರೂ ಅದರೊಡನೆ ಹೋಗಬಲ್ಲದು. ಯೋಗಗುರು ಕೆ. ಪಟ್ಟಾಭಿ ಜೋಯಿಸ್ ಹುಟ್ಟಿದ್ದು ಹಾಸನದ ಬಳಿಯ ಕೌಶಿಕದಲ್ಲಿ. ಕೌಶಿಕಕ್ಕೂ ಆರಗಕ್ಕೂ ಈ ಹೆಸರು ಒಂದೇ ಮನೆಯಿಂದ ಹೋಗಿರಬೇಕೆಂದು ಊಹಿಸಲು ಹೆಸರು ಯಾವ ಆಧಾರವನ್ನೂ ಕೊಡುವುದಿಲ್ಲ. ಜೋಯಿಸರ ನಕ್ಷೆಯೊಂದನ್ನು ಬರೆದರೆ ಅದು ತೋರಿಸುವುದು ಒಂದು ವೃತ್ತಿ ಎಲ್ಲೆಲ್ಲಿ ನೆಲೆಗೊಂಡಿತ್ತು, ಎಲ್ಲೆಲ್ಲಿ ದಾಖಲೆ ಬರೆಯುವವರು ಆ ವೃತ್ತಿಯ ಹೆಸರನ್ನು ಕುಟುಂಬದ ಹೆಸರಾಗಿ ಸ್ಥಿರಗೊಳಿಸಿದರು ಎಂಬುದನ್ನು.

‘ಹೆಗಡೆ’ಯ ಸ್ಥಿತಿ ಇದಕ್ಕಿಂತಲೂ ಸ್ಪಷ್ಟ. ಶಾಸನಗಳ ‘ಪೆರ್ಗಡೆ’ ಒಂದು ಅಧಿಕಾರಪದವಿ. ಪಕಾರ ಹಕಾರವಾಗಿ, ರೇಫೆ ಮುಂದಿನ ವ್ಯಂಜನದೊಡನೆ ಸಮರೂಪಗೊಂಡು ‘ಹೆಗ್ಗಡೆ’ಯಾಯಿತು. ಅದರಿಂದ ಸಾಗರದ ಹವ್ಯಕರ ‘ಹೆಗಡೆ’, ಕರಾವಳಿಯ ಬಂಟರ ‘ಹೆಗ್ಡೆ’, ಧರ್ಮಸ್ಥಳದ ಜೈನ ಮನೆತನದ ‘ಹೆಗ್ಗಡೆ’ ಇವೆಲ್ಲ ಬಂದವು. ಮಲೆನಾಡಿನ ಒಕ್ಕಲಿಗ ಯಜಮಾನಿಕೆಗೂ ಈ ಪದ ಸಂದಿತ್ತು ಎಂಬುದಕ್ಕೆ ‘ಕಾನೂರು ಹೆಗ್ಗಡಿತಿ’ ಎಂಬ ಕಾದಂಬರಿಯ ಶೀರ್ಷಿಕೆಯೇ ಸಾಕ್ಷಿ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 8ನೆಯ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿವೆ. ಹೊಸನಗರದ ಶಾಸನಗಳನ್ನು ನಾವು ಅಲ್ಲಿ ಹುಡುಕಬೇಕಾದದ್ದು ನಗರ ಎಂಬ ಹಳೆಯ ತಾಲ್ಲೂಕಿನ ಹೆಸರಿನ ಕೆಳಗೆ. ಇಂಥ ಶಾಸನಗಳಲ್ಲಿ ಗಾವುಂಡ, ಹೆಗ್ಗಡೆ, ಸೇನಬೋವ ಎಂಬ ಪದವಿಗಳನ್ನು ಅವುಗಳ ಸಹಜ ನೆಲೆಯಲ್ಲಿ, ಅಂದರೆ ಕೆಲಸ ಮಾಡುತ್ತಿರುವ ಸ್ಥಿತಿಯಲ್ಲಿ, ನೋಡಬಹುದು. ಅವನ್ನು ಹಿಂದಿನ ಕಾಲದ ಉಪನಾಮಗಳೆಂದು ಓದಿದರೆ ಕಾಲವನ್ನು ತಲೆಕೆಳಗು ಮಾಡಿದಂತಾಗುತ್ತದೆ.

4. ಮೊದಲಕ್ಷರದಲ್ಲಿರುವ ಊರು

ಹಾಗಾದರೆ ಒಂದು ಸಣ್ಣ ಊರಿನಿಂದ ಬಂದು ಒಂದೆರಡು ಮನೆಗಳಿಗಷ್ಟೇ ಸಲ್ಲುವ ವಿರಳ ಉಪನಾಮ ಇಲ್ಲಿ ಇಲ್ಲವೆ? ಇದೆ. ನಾವು ಅದನ್ನು ತಪ್ಪು ಸ್ಥಾನದಲ್ಲಿ ಹುಡುಕುತ್ತಿದ್ದೇವೆ.

ಭಾಷಾವಿಜ್ಞಾನಿ ಹಾ.ಮಾ. ನಾಯಕರ ಪೂರ್ಣ ಹೆಸರು ಹಾರೋಗದ್ದೆ ಮಾನಪ್ಪ ನಾಯಕ. ಹಾರೋಗದ್ದೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರು. ಎಣಿಕೆಗೆ ಸಿಗುವ ‘ನಾಯಕ’ ಎಂಬ ಭಾಗ ಕರ್ನಾಟಕದ ಹಲವು ಪ್ರದೇಶಗಳಲ್ಲಿ ಹಲವು ಸಮುದಾಯಗಳಿಗೆ ಸೇರಿದ್ದು. ಅವರ ಮೂಲವನ್ನು ಗುರುತಿಸುವ ಭಾಗ ‘ಹಾ’ ಎಂಬ ಒಂದು ಅಕ್ಷರದಲ್ಲಿ ಅಡಗಿದೆ. ರಾಜಕಾರಣಿಗಳಾದ ಕಡಿದಾಳ್ ಮಂಜಪ್ಪ, ಕಾಗೋಡು ತಿಮ್ಮಪ್ಪ ಅವರ ವಿಷಯದಲ್ಲಿ ಊರು ಅಕ್ಷರವಾಗಿ ಕುಗ್ಗದೆ ಪೂರ್ಣವಾಗಿ ಉಳಿದಿದೆ. ಇಂಥ ಊರುಗಳ ಹೆಸರು ನೆಲದ ಗುಣವನ್ನು ಹೇಳುತ್ತದೆ: ಗದ್ದೆ, ಮಕ್ಕಿ, ಬೈಲು, ಕೊಪ್ಪ, ಕೋಡು. ಕಾಗೋಡು, ಕುಂಟಗೋಡು, ಹೆಗ್ಗೋಡುಗಳ ಕೊನೆಯಲ್ಲಿರುವ ‘ಗೋಡು’ ಕೋಡು ಎಂಬುದರ ಆದೇಶರೂಪ. ಮಲೆನಾಡಿನಲ್ಲಿ ಬಯಲುಸೀಮೆಯಂತೆ ಮನೆಗಳು ಒತ್ತೊತ್ತಾಗಿ ನಿಂತ ಊರುಗಳು ಕಡಿಮೆ. ತೋಟ ಗದ್ದೆಗಳ ಅಂಚಿನಲ್ಲಿ ಒಂದೆರಡು ಮನೆಗಳಿದ್ದರೆ ಅದೇ ಒಂದು ಊರು. ಆದ್ದರಿಂದ ಊರಿನ ಹೆಸರೇ ಮನೆಯ ಹೆಸರಾಗುತ್ತದೆ, ಮನೆಯ ಹೆಸರೇ ಮನೆತನದ ಹೆಸರಾಗುತ್ತದೆ.

ಮೊದಲಕ್ಷರವನ್ನು ಉಪನಾಮವೆಂದು ಕರೆಯಲು ಅದು ಮುಂದಿನ ತಲೆಮಾರಿಗೆ ಸಾಗುತ್ತದೆ ಎಂಬುದು ರುಜುವಾತಾಗಬೇಕು. ಇದಕ್ಕೆ ಸರಳವಾದ ಪರೀಕ್ಷೆಯೊಂದಿದೆ: ತಂದೆಯ ಹಾಗೂ ಮಕ್ಕಳ ಮೊದಲಕ್ಷರಗಳನ್ನು ಹೋಲಿಸಿ ನೋಡುವುದು. ಕುವೆಂಪು ಅವರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಅಂದರೆ ಕೆ.ವಿ. ಪುಟ್ಟಪ್ಪ. ಅವರ ಮಗ ಕೆ.ಪಿ. ಪೂರ್ಣಚಂದ್ರ ತೇಜಸ್ವಿ. ತಲೆಮಾರು ಬದಲಾದಾಗ ‘ವಿ’ ಹೋಗಿ ‘ಪಿ’ ಬಂದಿತು, ‘ಕೆ’ ಉಳಿಯಿತು. ಬದಲಾದ ಅಕ್ಷರ ಪಿತೃನಾಮ, ಉಳಿದ ಅಕ್ಷರ ಉಪನಾಮ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿದ ಸುಬ್ಬಣ್ಣನವರೂ ಕೆ.ವಿ. ಎಂಬ ಅಕ್ಷರಗಳನ್ನೇ ಹೊತ್ತವರು. ಅವು ಕುಂಟಗೋಡು ವಿಭೂತಿ ಎಂಬುದರ ಸಂಕ್ಷೇಪ. ಅವರ ಮಗ ಅಕ್ಷರ ಅವರೂ ಕೆ.ವಿ. ಅಕ್ಷರ. ಇಲ್ಲಿ ಎರಡು ಅಕ್ಷರಗಳೂ ಉಳಿದಿವೆ. ಹೊರನೋಟಕ್ಕೆ ಒಂದೇ ಆಗಿರುವ ‘ಕೆ.ವಿ.’ ಎರಡು ಮನೆಗಳಲ್ಲಿ ಎರಡು ಬೇರೆ ರಚನೆಗಳನ್ನು ಹೊಂದಿದೆ. ಕೊನೆಯ ಪದವನ್ನಷ್ಟೇ ಎಣಿಸುವ ಅಧ್ಯಯನಕ್ಕೆ ಪುಟ್ಟಪ್ಪ, ತೇಜಸ್ವಿ, ಸುಬ್ಬಣ್ಣ, ಅಕ್ಷರ ಎಂಬ ನಾಲ್ಕು ಸಂಬಂಧವಿಲ್ಲದ ಹೆಸರುಗಳು ಮಾತ್ರ ಸಿಗುತ್ತವೆ.

ದಟ್ಟಣೆಯೇ ಮೂಲ ಎಂಬ ಸೂತ್ರವೂ ಇಲ್ಲಿ ಸೋಲುತ್ತದೆ. ಯು.ಆರ್. ಅನಂತಮೂರ್ತಿ ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ, ಅವರ ‘ಯು’ ಸೂಚಿಸುವುದು ಉಡುಪಿಯನ್ನು. ಆರಗದ ನೆಲದಲ್ಲಿ ಬೆಳೆದ ಸಮಾಜವಾದಿ ನಾಯಕ ಗೋಪಾಲಗೌಡರ ಹೆಸರಿನ ಮೊದಲಿರುವ ಶಾಂತವೇರಿ ಇರುವುದು ಚಿಕ್ಕಮಗಳೂರು ಜಿಲ್ಲೆಯಲ್ಲಿ. ಊರಿನ ಹೆಸರಿಗೆ ಭೇದಕ ಶಕ್ತಿ ಬರುವುದೇ ಊರು ಬಿಟ್ಟ ಮೇಲೆ. ಶಾಂತವೇರಿಯೊಳಗೆ ಯಾರನ್ನೂ ‘ಶಾಂತವೇರಿಯವರು’ ಎಂದು ಕರೆದು ಗುರುತಿಸಬೇಕಾಗಿಲ್ಲ. ಇಂಥ ಹೆಸರಿನಲ್ಲಿ ಮೂಲವು ಪದದಲ್ಲಿಯೇ ಬರೆದಿದೆ. ಅದಕ್ಕೆ ನಕ್ಷೆ ಬೇಕಿಲ್ಲ, ವಿಸ್ತರಣೆ ಬೇಕು.

ಪದ ತೋರಿಸುವ ಊರೇ ವಂಶದ ಮೂಲ ಎಂದೂ ಎಲ್ಲ ಸಂದರ್ಭಗಳಲ್ಲಿ ಹೇಳಲಾಗದು ಎಂಬ ಆಕ್ಷೇಪವನ್ನು ಇಲ್ಲಿ ಎತ್ತಬಹುದು. ಅದು ಸರಿ. ಸಾಗರದ ಕಾದಂಬರಿಕಾರ ನಾ. ಡಿಸೋಜ ಅವರ ಉಪನಾಮ ಪೋರ್ಚುಗಲ್ಲಿನ ಸೋಜ ಎಂಬ ನದಿಯ ಕಡೆ ಬೆರಳು ಮಾಡುತ್ತದೆ. ಆದರೆ ಈ ಹೆಸರು ಕೊಂಕಣಿ ಕ್ರೈಸ್ತರಿಗೆ ಬಂದದ್ದು ಗೋವೆಯಲ್ಲಿ ದೀಕ್ಷಾಸ್ನಾನದ ಮೂಲಕ. ಹೆಸರು ಹೇಗೆ ದೊರೆಯಿತು ಎಂಬ ಸಾಮಾಜಿಕ ಸಂದರ್ಭವನ್ನು ಬಿಟ್ಟು ಪದವೂ ನಕ್ಷೆಯೂ ತಾವಾಗಿ ಮಾತನಾಡುವುದಿಲ್ಲ.

5. ಮುಳುಗಿದ ಊರು

ಇದು ಕೇವಲ ವಿಧಾನದ ಚರ್ಚೆಯಾಗಿ ಉಳಿಯದಿರಲು ಶರಾವತಿಯೇ ಕಾರಣ. ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು, ಅನಂತರ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಊರುಗಳನ್ನು ಮುಳುಗಿಸಿದವು. ಹಿರೇಭಾಸ್ಕರ ಅಣೆಕಟ್ಟೇ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ಜನ ಬೇರೆಡೆಗೆ ಎದ್ದರು. ನೀರಿನ ಕೆಳಗೆ ಹೋದ ಗದ್ದೆ, ಮಕ್ಕಿ, ಕೋಡುಗಳ ಹೆಸರನ್ನು ಅವರೊಡನೆ ಹೊರಟ ಮೊದಲಕ್ಷರ ಹೊತ್ತು ಸಾಗಿತು. ನೆಲವಿಲ್ಲದ ಊರಿಗೆ ಉಳಿದಿರುವ ಸಜೀವ ದಾಖಲೆ ಎಷ್ಟೋ ಸಲ ಆ ಅಕ್ಷರವೇ.

ಆ ಅಕ್ಷರವೂ ಈಗ ಸವೆಯುತ್ತಿದೆ. ಅರ್ಜಿಗಳಲ್ಲಿ, ಪಾಸ್‌ಪೋರ್ಟಿನಲ್ಲಿ ‘ಉಪನಾಮ’ ಎಂಬ ಅಂಕಣ ತುಂಬಲೇಬೇಕಾದಾಗ ಮನೆಯವರು ಅಲ್ಲಿ ತಂದೆಯ ಹೆಸರನ್ನೋ ಜೋಯಿಸ್, ಹೆಗ್ಡೆ, ಗೌಡ ಎಂಬ ಪದವಿಯನ್ನೋ ಬರೆಯುತ್ತಾರೆ. ಮುಂದಿನ ತಲೆಮಾರಿಗೆ ಅದೇ ಸ್ಥಿರವಾಗುತ್ತದೆ. ‘ನಿಮ್ಮ ಹೆಸರಿನ ಎಚ್ ಎಂದರೇನು?’ ಎಂದು ತರಗತಿಯಲ್ಲಿ ಕೇಳಿದರೆ ಉತ್ತರಕ್ಕಾಗಿ ಮನೆಗೆ ಫೋನ್ ಮಾಡುವ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಕೆಲವರಿಗೆ ಅಜ್ಜಿ ಮಾತ್ರ ಉತ್ತರ ಹೇಳಬಲ್ಲರು.

6. ಸಮಾರೋಪ

ಇಂಗ್ಲಿಷ್ ವಿಧಾನ ತನ್ನ ನೆಲದಲ್ಲಿ ಫಲ ಕೊಟ್ಟಿದೆ, ಅದನ್ನು ತಿರಸ್ಕರಿಸಬೇಕಾದ ಕಾರಣವಿಲ್ಲ. ನಮ್ಮಲ್ಲಿ ಅದನ್ನು ಬಳಸುವ ಮುನ್ನ ಎರಡು ಕೆಲಸಗಳಾಗಬೇಕು. ಮೊದಲನೆಯದು, ಕೊನೆಯ ಸ್ಥಾನದ ಪದವಿವಾಚಿಗಳನ್ನು ವಂಶಸೂಚಕಗಳಿಂದ ಬೇರ್ಪಡಿಸುವುದು. ಎರಡನೆಯದು, ಮೊದಲಕ್ಷರಗಳ ವಿಸ್ತರಣೆಯನ್ನು ಕನಿಷ್ಠ ಎರಡು ತಲೆಮಾರುಗಳ ಮಟ್ಟಿಗೆ, ಬಲ್ಲವರ ಬಾಯಿಂದ ಕೇಳಿ ದಾಖಲಿಸುವುದು. ಹಳೆಯ ಶಾಲಾ ದಾಖಲಾತಿ ಪುಸ್ತಕ, ಪಹಣಿ, ಮದುವೆಯ ಕರೆಯೋಲೆಗಳು ಇದಕ್ಕೆ ನೆರವಾಗಬಲ್ಲವು. ಜೋಯಿಸ ಎಂಬ ಪದದ ಚರಿತ್ರೆಯನ್ನು ನಿಘಂಟು ಕಾಪಾಡುತ್ತದೆ. ಹಿನ್ನೀರಿನ ಕೆಳಗಿನ ಒಂದು ಮನೆಯ ಊರಿಗೆ ನಿಘಂಟಿಲ್ಲ. ಲಿಂಗನಮಕ್ಕಿಯಿಂದ ಎದ್ದ ತಲೆಮಾರು ಇನ್ನೂ ನಮ್ಮೊಡನಿರುವಾಗಲೇ ಅವರ ಹೆಸರಿನ ಮೊದಲಕ್ಷರವನ್ನು ಬಿಡಿಸಿ ಬರೆದುಕೊಳ್ಳುವುದು ಈ ಭಾಗದ ಭಾಷಾವಿಭಾಗಗಳು ತಡಮಾಡದೆ ಕೈಗೊಳ್ಳಬೇಕಾದ ಕೆಲಸ.